ಕೊಬ್ಬರಿ ಮಂಡಿಯ ಹಳದಿ ದೀಪ

ಹೋದ ವಾರ ಮನೆಯ ಮಿಕ್ಸಿ ಕೆಟ್ಟಿತು. ಕೆಟ್ಟ ವಸ್ತುವನ್ನು ಮೂಲೆಗಿಟ್ಟು ಕಾಯುವುದು ನನಗೆ ಆಗದು. ಮರುದಿನವೇ ಅದನ್ನು ಚೀಲಕ್ಕೆ ಹಾಕಿಕೊಂಡು ಹಳೇಬೀಡಿನಿಂದ ಬೇಲೂರಿನ ಬಸ್ಸು ಹತ್ತಿದೆ. ಅಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ರಿಪೇರಿ ಅಂಗಡಿ ಇದೆ. ಅಂಗಡಿಯವನು ಮಿಕ್ಸಿಯ ತಳ ಬಿಚ್ಚಿ, ಬಿಟ್ಟುಹೋಗಿದ್ದ ತಂತಿಯನ್ನು ಹುಡುಕಿ, ಬಿಸಿ ಕಡ್ಡಿಯ ತುದಿಯನ್ನು ರಾಳದ ಡಬ್ಬಿಗೆ ಅದ್ದಿ ಬೆಸುಗೆ ಹಾಕಿದ. ತೆಳ್ಳನೆಯ ಹೊಗೆ ಎದ್ದು ನನ್ನ ಮೂಗಿಗೆ ಬಂತು.

“ಸ್ವಲ್ಪ ಆಚೆ ನಿಂತ್ಕೊಳ್ಳಿ ಅಜ್ಜಿ, ಹೊಗೆ ಬರುತ್ತೆ” ಎಂದ.

“ಇರಲಿ ಬಿಡಪ್ಪ” ಎಂದೆ.

ಅವನಿಗೆ ಅದು ಬರೀ ಹೊಗೆ. ನನಗೆ ಅದು ಅರಸೀಕೆರೆಯಲ್ಲಿರುವ ಅಣ್ಣನ ಮನೆ. ಸಂಜೆಯ ಊಟ ಮುಗಿದ ಹೊತ್ತು, ಮೇಜಿನ ಮೇಲೆ ಎರಡು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳು, ಪಕ್ಕದಲ್ಲಿ ಮಾತು ಕಳೆದುಕೊಂಡು ಗೋಡೆಗೆ ಮುಖ ಮಾಡಿ ಕುಳಿತ ಅಣ್ಣ. ಆ ಒಂದು ಚಳಿಗಾಲ ಪೂರ್ತಿ ನಾನು ಆ ಮನೆಯಲ್ಲಿದ್ದೆ.

ಅಣ್ಣ ಅನಂತರಾಜಯ್ಯ ಚಿಕ್ಕಂದಿನಲ್ಲೇ ಹಳೇಬೀಡಿನ ಬಸ್ತಿಹಳ್ಳಿಯ ನಮ್ಮ ಮನೆ ಬಿಟ್ಟು ಸೋದರಮಾವನ ಜೊತೆ ಅರಸೀಕೆರೆಗೆ ಹೋದವನು. ಅಲ್ಲಿ ಕೊಬ್ಬರಿ ವ್ಯಾಪಾರ ಕಲಿತು, ತನ್ನದೇ ಮಂಡಿ ಹಾಕಿ ನೆಲೆ ನಿಂತ. ನಾನು ನರ್ಸ್ ಆಗಿ ಊರೂರು ತಿರುಗಿ, ಕೊನೆಯ ವರ್ಷಗಳನ್ನು ಬೇಲೂರಿನಲ್ಲಿ ಕಳೆದು, ನಿವೃತ್ತಳಾದ ಮೇಲೆ ಬಸದಿಗಳ ಪಕ್ಕದ ಅದೇ ಹಳೆಯ ಮನೆಗೆ ಬಂದೆ. ಅಣ್ಣನ ದನಿ ಮಂಡಿ ಬೀದಿಗೆಲ್ಲ ಗೊತ್ತಿತ್ತು. ಅಂಗಡಿಯ ಮುಂಭಾಗದಲ್ಲಿ ಅವನು ಕೂರುವ ಗಾದಿ. ಅದರ ಹಿಂದೆ ಬಿಸಿಲು ಬೀಳುವ ತೆರೆದ ಅಂಗಳ. ಅಂಗಳದ ಆಚೆ ಕೊಬ್ಬರಿಯ ಗೋದಾಮು. ಗಾದಿಯಲ್ಲಿ ಕುಳಿತೇ ಅವನು ಗೋದಾಮಿನ ಕೆಲಸ ನಡೆಸುತ್ತಿದ್ದ. ತಕ್ಕಡಿ ನಿಲ್ಲಿಸು ಎಂದರೆ ನಿಲ್ಲುತ್ತಿತ್ತು, ಮೂಟೆ ಬಿಚ್ಚು ಎಂದರೆ ಬಿಚ್ಚುತ್ತಿದ್ದರು. ಎದ್ದು ಹೋಗಿ ಹೇಳುವ ಪ್ರಮೇಯವೇ ಇರಲಿಲ್ಲ.

ಆ ದನಿಪೆಟ್ಟಿಗೆಯಲ್ಲೇ ಗಡ್ಡೆ ಬೆಳೆಯಿತು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಪೂರ್ತಿ ತೆಗೆಯಬೇಕಾಯಿತು. ಅಣ್ಣ ಉಳಿದ, ದನಿ ಹೋಯಿತು. ಉಸಿರಾಟಕ್ಕೆ ಕತ್ತಿನ ಕೆಳಭಾಗದಲ್ಲಿ ಒಂದು ರಂಧ್ರ ಮಾಡಿದ್ದರು. ದೀಪಾವಳಿ ಕಳೆದ ಮೇಲೆ ಅವನನ್ನು ಮನೆಗೆ ಕರೆತಂದರು. ನಾನು ಎರಡು ಸೀರೆ ಹೆಚ್ಚಾಗಿಯೇ ಚೀಲಕ್ಕೆ ಹಾಕಿಕೊಂಡು ಹೋದೆ.

ಹೋದ ದಿನವೇ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಬೆಳಿಗ್ಗೆ ಕತ್ತಿನ ಕೊಳವೆ ಸ್ವಚ್ಛ ಮಾಡುವುದು, ಆಮೇಲೆ ಆವಿ, ಆಮೇಲೆ ಗಂಜಿ, ನಡಿಗೆ, ವಿಶ್ರಾಂತಿ. ರಂಧ್ರದ ಮೇಲೆ ಸದಾ ಒದ್ದೆ ಮಾಡಿ ಹಿಂಡಿದ ಬಿಳಿಯ ಬಟ್ಟೆ. ಅತ್ತಿಗೆ ಪದ್ಮಮ್ಮ ಅದನ್ನು ಓದಿ, “ಇದು ಮನೇನೋ ವಾರ್ಡೋ ವಿಮಲಾ?” ಎಂದರು. “ಎರಡೂ” ಎಂದೆ. ಅವರು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಮೊದಲ ಸಲ ಯಾರೋ ನಕ್ಕಿದ್ದು ಅದೇ ಎಂದು ಆಮೇಲೆ ಸುಪ್ರಭಾ ಹೇಳಿದಳು. ಸುಪ್ರಭಾ ಅಣ್ಣನ ಸೊಸೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಅಣ್ಣನ ಮಗ ಜಯಕೀರ್ತಿ ಅಷ್ಟು ದಿನವೂ ಮಂಡಿ ನೋಡಿಕೊಳ್ಳುತ್ತಿದ್ದ.

ಅಣ್ಣನ ಗಾಯ ಚೆನ್ನಾಗಿ ಮಾಯಿತು. ವೈದ್ಯರು ನೋಡಿ, ದೂಳಿನಿಂದ ಎಚ್ಚರವಾಗಿದ್ದರೆ ಅರ್ಧ ದಿನ ಅಂಗಡಿಯಲ್ಲಿ ಕೂರಬಹುದು ಎಂದರು. ಮಾರನೆಯ ದಿನವೇ ಅಣ್ಣ ಗರಿಗರಿ ಪಂಚೆ ಉಟ್ಟು, ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಹೊರಟ. ನಾನೂ ಜೊತೆಗೆ ಹೋದೆ.

ಕಣಕಟ್ಟೆ ಕಡೆಯ ರೈತರೊಬ್ಬರು ಕೊಬ್ಬರಿ ತಂದಿದ್ದರು. ಗೋದಾಮಿನ ಬಾಗಿಲಲ್ಲಿ ತಕ್ಕಡಿ. ಅದರ ಬಳಿ ರಂಗಪ್ಪ, ಅಣ್ಣನ ಹಳೆಯ ಹಮಾಲಿ, ನಮಗೆ ಬೆನ್ನು ಮಾಡಿಕೊಂಡು ಮೂಟೆ ಏರಿಸುತ್ತಿದ್ದ. ಅಣ್ಣನಿಗೆ ಅಲ್ಲಿ ಏನೋ ಕಂಡಿತು. ಯಾವುದೋ ಮೂಟೆಯ ಕೊಬ್ಬರಿ ಇನ್ನೂ ಹಸಿ ಇದ್ದಿರಬೇಕು. ಗಾದಿಯಲ್ಲೇ ಮುಂದಕ್ಕೆ ಬಾಗಿ, ಕೈ ಎತ್ತಿ, ಬಾಯಿ ತೆರೆದ. ಕತ್ತಿನ ಬಟ್ಟೆಯಿಂದ ಬುಸ್ ಎಂದು ಗಾಳಿ ಬಂತು, ಅಷ್ಟೆ. ರಂಗಪ್ಪ ತೂಗುತ್ತಲೇ ಇದ್ದ. ಅಣ್ಣ ಇನ್ನೊಮ್ಮೆ ಬಾಯಿ ತೆರೆದ. ಎದುರಿಗಿದ್ದ ರೈತರು ತಲೆ ತಗ್ಗಿಸಿದರು. ಅವರು ನಕ್ಕಿದ್ದರೂ ಅಣ್ಣ ಸಹಿಸುತ್ತಿದ್ದನೇನೋ.

ಅವನು ಎದ್ದು ಚಪ್ಪಲಿ ಮೆಟ್ಟಿ ಮನೆಗೆ ಬಂದ. ಸ್ಲೇಟಿನ ಮೇಲೆ ‘ಇನ್ನು ಅಂಗಡಿ ಸಾಕು’ ಎಂದು ಬರೆದು ನನ್ನ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕುಳಿತ.

ರೋಗಿಯ ಗಾಯ ಮಾಯುವುದು ಬೇರೆ, ರೋಗಿ ಏಳುವುದು ಬೇರೆ. ಗಾಯ ಮಾಯ್ದ ಮೇಲೆ ಕುಗ್ಗಿಹೋದವರನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೆ. ಅಣ್ಣ ಗಂಜಿ ಅರ್ಧಕ್ಕೆ ಬಿಡತೊಡಗಿದ. ನಡಿಗೆಗೆ ಏಳುತ್ತಿರಲಿಲ್ಲ. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್‌ಗುಡುವ ದನಿಯಲ್ಲಿ ಮಾತು ಹೊರಡಿಸುವ ಒಂದು ಉಪಕರಣವನ್ನು ಆಸ್ಪತ್ರೆಯವರು ತೋರಿಸಿದ್ದರು. ಅದರ ಸದ್ದು ಅವನಿಗೇ ಹಿಡಿಸಲಿಲ್ಲ. ಹಿಡಿಸಿದ್ದರೂ ಅದು ಅಂಗಳ ದಾಟುವಂಥದ್ದಲ್ಲ. ಅವನಿಗೆ ಬೇಕಾಗಿದ್ದದ್ದು ಗಾದಿಯಿಂದ ಗೋದಾಮಿಗೆ ಮುಟ್ಟುವ ಒಂದು ದಾರಿ. ಅದು ಸಿಕ್ಕರೆ ಅವನು ಏಳುತ್ತಾನೆ, ಇಲ್ಲದಿದ್ದರೆ ಇಲ್ಲ. ಇದು ನನಗೆ ಸ್ಪಷ್ಟವಾಗಿತ್ತು.

ಜಯಕೀರ್ತಿ ಮೊದಲು ಮೊಬೈಲ್ ಎಂದ. ರಂಗಪ್ಪನ ಮೊಬೈಲು ಅಂಗಿಯ ಜೇಬಿನಲ್ಲಿ, ಅಂಗಿ ಗೂಟದ ಮೇಲೆ. ಮಿಸ್ಡ್ ಕಾಲ್ ಕೊಟ್ಟರೆ ಅವನು ನೋಡುವುದು ಊಟಕ್ಕೆ ಕುಳಿತಾಗ. ಆಮೇಲೆ ತಂತಿ ಎಳೆದು ಕರೆಗಂಟೆ ಹಾಕಿಸಿದ. ಕೊಬ್ಬರಿ ಇರುವ ಕಡೆ ಇಲಿ ಇರದೆ ಇರುತ್ತದೆಯೇ? ವಾರ ತುಂಬುವ ಮೊದಲೇ ತಂತಿ ತುಂಡಾಯಿತು. ಇನ್ನೊಂದು ಎಳೆಸಿದ, ಅದನ್ನೂ ಕಡಿದವು.

“ಇಲಿಗೇನು ಗೊತ್ತು ಸಿಸ್ಟರಮ್ನೋರೆ, ಅವ್ಕೆ ವೈರೂ ಒಂದೇ ಕೊಬ್ರೀನೂ ಒಂದೇ” ಎಂದ ರಂಗಪ್ಪ, ನನ್ನನ್ನು ನೋಡಲು ಮನೆಗೆ ಬಂದಾಗ. ಆಮೇಲೆ ದನಿ ತಗ್ಗಿಸಿ, “ಯಜಮಾನ್ರು ಬರಾಕಿಲ್ವಾ ಇನ್ಮೇಲೆ?” ಎಂದು ಕೇಳಿದ.

ತಂತಿ ಬೇಡದ ದಾರಿ ಹೇಳಿದ್ದು ಸುಪ್ರಭಾ. ಅವಳ ಬಳಿ ಓದುವ ಕಾಲದ ಎರಡು ಮೈಕ್ರೋಕಂಟ್ರೋಲರ್ ಬೋರ್ಡುಗಳಿದ್ದವು. ಅಂಗೈಯಗಲದ ಹಸಿರು ಹಲಗೆ, ಮಧ್ಯದಲ್ಲಿ ಕಪ್ಪು ಚಿಪ್. ನಾವು ಬರೆದುಕೊಟ್ಟ ಕೆಲಸವನ್ನು ಆ ಚಿಪ್ ನೆನಪಿಟ್ಟುಕೊಂಡು ಮಾಡುತ್ತದೆ.

“ಒಂದನ್ನ ಮಾವನ ಹತ್ರ ಇಡೋಣ ವಿಮಲತ್ತೆ, ಇನ್ನೊಂದನ್ನ ಗೋದಾಮಿನ ಬಾಗಿಲಿಗೆ ಹಾಕೋಣ. ಮಾವ ಗುಂಡಿ ಒತ್ತಿದ್ರೆ ಇದರ ದೀಪ ಮಿನುಗುತ್ತೆ, ಅದರ ಕಣ್ಣು ಓದ್ಕೊಳ್ಳುತ್ತೆ.”

“ಯಾವ ದೀಪ? ಹತ್ತೇ ಇಲ್ವಲ್ಲ ಇದು?”

ಅವಳು ಮೊಬೈಲಿನ ಕ್ಯಾಮೆರಾ ತೆರೆದು ಆ ಪುಟ್ಟ ದೀಪದ ಮುಂದೆ ಹಿಡಿದಳು. ಕಣ್ಣಿಗೆ ಕಾಣದ್ದು ಪರದೆಯ ಮೇಲೆ ತಿಳಿ ನೇರಳೆಯಾಗಿ ಹೊಳೆಯಿತು. ಅದು ಅವಕೆಂಪು ಬೆಳಕು, ಟಿವಿಯ ರಿಮೋಟಿನಲ್ಲಿ ಇರುವುದೂ ಅದೇ ಎಂದಳು. ಅದು ಗೋಡೆ ದಾಟುವುದಿಲ್ಲವಾದ್ದರಿಂದ ನಮ್ಮ ಮಾತು ಪಕ್ಕದ ಮಂಡಿಗೆ ಹೋಗುವುದಿಲ್ಲ. ಕಣ್ಣಿಗೆ ಕಣ್ಣು ನೇರ ಇದ್ದರೆ ಸಾಕು. ದೀಪ ಸುಮ್ಮನೆ ಉರಿಯುವುದೂ ಇಲ್ಲ. ಒಂದು ಗೊತ್ತಾದ ವೇಗದಲ್ಲಿ ಬಡಿದುಕೊಳ್ಳುತ್ತದೆ, ಆಚೆಯ ಕಣ್ಣು ಆ ಬಡಿತಕ್ಕೆ ಮಾತ್ರ ಗಮನ ಕೊಡುತ್ತದೆ. ಇದು ನನಗೆ ಕೂಡಲೇ ಅರ್ಥವಾಯಿತು. ವಾರ್ಡಿನ ಗದ್ದಲದಲ್ಲಿ ನಾಡಿ ಹಿಡಿದಿದ್ದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸಕ್ಕೆ ಹೊತ್ತು ಗೊತ್ತು ಮಾಡಿದೆವು. ನಮ್ಮದು ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆ. ಸುಪ್ರಭಾ ಸಂಜೆ ಬಸ್ಸಿಳಿದು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅತ್ತಿಗೆ ಎಲೆ ಹಾಕಿರುತ್ತಿದ್ದರು. ಚಳಿಗಾಲದಲ್ಲಿ ಹೊತ್ತು ಬೇಗ ಇಳಿಯುವುದರಿಂದ ಬೇರೆ ಮಾತಿಗೆ ಸಮಯವೇ ಇಲ್ಲ. ಮೊದಲು ಊಟ, ಆಮೇಲೆ ಪಾತ್ರೆ, ಆಮೇಲೆ ಅಣ್ಣನಿಗೆ ಆವಿ. ಅಷ್ಟಾದ ಮೇಲೆ ಮೇಜು ಒರೆಸಿ ಬೋರ್ಡುಗಳನ್ನು ತೆಗೆಯುತ್ತಿದ್ದೆವು. ಬೇರೆ ಮನೆಗಳಲ್ಲಿ ಅಡುಗೆಗೆ ಒಗ್ಗರಣೆ ಬೀಳುವ ಹೊತ್ತಿನಲ್ಲಿ ನಮ್ಮಲ್ಲಿ ರಾಳದ ಹೊಗೆ ಏಳುತ್ತಿತ್ತು. ಸುಪ್ರಭಾ ಬೆಸುಗೆ ಹಾಕುತ್ತಿದ್ದಳು. ಚಿಮುಟದಲ್ಲಿ ತಂತಿ ಹಿಡಿಯುವುದು ನನ್ನ ಪಾಲು. ಹೊಲಿಗೆ ಬಿಚ್ಚುವ ನನ್ನ ಹಳೆಯ ಚಿಮುಟ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು.

“ಕೈ ಒಂಚೂರೂ ನಡುಗಲ್ವಲ್ಲ ವಿಮಲತ್ತೆ ನಿಮ್ದು. ನಮ್ಮ ಹುಡುಗ್ರನ್ನ ನಿಮ್ಮ ಹತ್ರ ಕಳಿಸ್ತೀನಿ.”

“ಕಳ್ಸು. ಮೊದ್ಲು ಉಗುರು ಕತ್ತರಿಸ್ಕೊಂಡು ಬರಕ್ಕೆ ಹೇಳು.”

ಅಣ್ಣ ಗೋಡೆಯ ಕಡೆಗೇ ಮುಖ ಮಾಡಿ ಕೂತಿರುತ್ತಿದ್ದ. ಕಿವಿ ಮಾತ್ರ ಇತ್ತ ಇತ್ತು. ಅದು ನನಗೆ ಗೊತ್ತಿತ್ತು.

ನಾಲ್ಕು ಗುಂಡಿ, ನಾಲ್ಕು ಬಣ್ಣದ ದೀಪ ಎಂದು ತೀರ್ಮಾನವಾಯಿತು. ಹಳದಿ ಎಂದರೆ ಬಾ. ಕೆಂಪು ಎಂದರೆ ನಿಲ್ಲಿಸು. ಹಸಿರು ಎಂದರೆ ತೂಗು. ಬಿಳಿ ಎಂದರೆ ಮೂಟೆ ಬಿಚ್ಚು. ದೀಪದ ಜೊತೆಗೆ ಒಂದು ಪೀಪಿ ಸದ್ದು, ಬೆನ್ನು ಮಾಡಿಕೊಂಡಿರುವವನಿಗಾಗಿ.

ಮೊದಲ ಸಲ ನಡುಮನೆಯಿಂದ ಒಳ ಅಂಗಳದ ಆಚೆಯ ಅಡುಗೆಮನೆಗೆ ಹಳದಿ ದೀಪ ಮುಟ್ಟಿದಾಗ ಸುಪ್ರಭಾ ಚಪ್ಪಾಳೆ ತಟ್ಟಿದಳು. ಅದಾಗಿ ಸ್ವಲ್ಪ ಹೊತ್ತಿಗೆ ಯಾರೂ ಗುಂಡಿ ಒತ್ತದೆಯೇ ಅಡುಗೆಮನೆಯ ಬಾಗಿಲಲ್ಲಿ ಕೆಂಪು ಹತ್ತಿತು. ಆಮೇಲೆ ಬಿಳಿ. ಆಮೇಲೆ ಎಲ್ಲವೂ ಒಟ್ಟಿಗೆ. ನೋಡಿದರೆ ಅತ್ತಿಗೆ ಟಿವಿ ಮುಂದೆ ಕೂತು ಧಾರಾವಾಹಿ ಹುಡುಕುತ್ತಾ ರಿಮೋಟು ಒತ್ತುತ್ತಿದ್ದಾರೆ.

“ನಾನೇನ್ ಮಾಡ್ದೆ? ದನಿ ಜಾಸ್ತಿ ಮಾಡ್ದೆ ಅಷ್ಟೆ” ಎಂದರು.

“ನೀವು ದನಿ ಜಾಸ್ತಿ ಮಾಡಿದ್ರೆ ಗೋದಾಮಲ್ಲಿ ಮೂಟೆ ಬಿಚ್ತಾರೆ ಅತ್ತೆ” ಎಂದಳು ಸುಪ್ರಭಾ.

ಗೋಡೆಯ ಕಡೆಗಿದ್ದ ಅಣ್ಣನ ಭುಜ ಅಲುಗಿತು. ನಾನು ಕೆಮ್ಮೆಂದು ಎದ್ದೆ. ಅದು ನಗು.

ಅಂದಿನಿಂದ ಸುಪ್ರಭಾ ಪ್ರತಿ ಸಂದೇಶದ ಮೊದಲಿಗೆ ಒಂದು ಗುರುತು ಸೇರಿಸಿದಳು. ಗುರುತು ಸರಿಯಿದ್ದರೆ ಮಾತ್ರ ಆಚೆಯ ಬೋರ್ಡು ಒಪ್ಪುತ್ತದೆ, ಬೇರೆ ರಿಮೋಟುಗಳಿಗೆ ಜಗ್ಗುವುದಿಲ್ಲ. ಆಮೇಲೆ ಅವಳಿಗೆ ಇನ್ನೊಂದು ಯೋಚನೆ ಬಂತು. ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂದು ಮಾವನಿಗೆ ತಿಳಿಯುವುದು ಹೇಗೆ? ಅದಕ್ಕೆ ಎರಡೂ ಬೋರ್ಡಿಗೆ ದೀಪ, ಎರಡಕ್ಕೂ ಕಣ್ಣು ಕೂರಿಸಿ, ಒಂದೊಂದನ್ನು ಒಂದೊಂದು ಪುಟ್ಟ ಪೆಟ್ಟಿಗೆಗೆ ಹಾಕಿದಳು. ಗೋದಾಮಿನ ಬೋರ್ಡು ಸಂದೇಶ ಓದಿಕೊಂಡ ತಕ್ಷಣ ‘ಮುಟ್ಟಿತು’ ಎಂದು ತಾನೇ ತಿರುಗಿ ಹೇಳುತ್ತದೆ, ಗಾದಿಯ ಪೆಟ್ಟಿಗೆಯಲ್ಲಿ ಒಂದು ನೀಲಿ ದೀಪ ಹತ್ತುತ್ತದೆ. ಅದು ಕೂಡಿಬರಲು ಬಹಳ ಸಂಜೆಗಳು ಹಿಡಿದವು. ಒಂದು ಬೋರ್ಡು ಹೇಳುವಾಗ ಇನ್ನೊಂದು ಸುಮ್ಮನಿರಬೇಕು, ಅದು ಹೇಳುವಾಗ ಇದು. ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾರಿಗೂ ಏನೂ ಕೇಳದು.

ಕೊನೆಗೆ ಒಂದು ಸಂಜೆ ಎಲ್ಲವೂ ಸರಿಹೋಯಿತು. ಎಷ್ಟು ಸಲ ಒತ್ತಿದರೂ ತಪ್ಪಲಿಲ್ಲ. ಮಾರನೆಯ ದಿನವೂ ಹಾಗೆಯೇ. ನಾನು ಪೆಟ್ಟಿಗೆಯನ್ನು ಅಣ್ಣನ ಮಡಿಲಿನಲ್ಲಿಟ್ಟೆ. “ಒಂದ್ಸಲ ಬಂದು ನೋಡಣ್ಣ” ಎಂದೆ. ಅವನು ಗುಂಡಿಗಳ ಮೇಲೆ ಬೆರಳಾಡಿಸಿದ. ಸ್ಲೇಟು ತೆಗೆದುಕೊಂಡು ಬರೆದ: ‘ಒಂದೇ ಸಲ.’

ಸುಪ್ರಭಾ ರಜೆ ಹಾಕಿದಳು. ಎಲ್ಲರೂ ಮಂಡಿಗೆ ಹೋದೆವು. ಬೆಳಗಿನ ಚಳಿ ಬಿಟ್ಟು, ಮೋಡವಿಲ್ಲದ ಆಕಾಶದಿಂದ ಬಿಸಿಲು ಅಂಗಳಕ್ಕೆ ಓರೆಯಾಗಿ ಬಿದ್ದು ಗೋದಾಮಿನ ಬಾಗಿಲನ್ನೆಲ್ಲ ತುಂಬಿತ್ತು. ಬಾಗಿಲ ಚೌಕಟ್ಟಿಗೆ ಜಯಕೀರ್ತಿ ಇನ್ನೊಂದು ಪೆಟ್ಟಿಗೆಯನ್ನು ಮೊಳೆ ಹೊಡೆದು ಕೂರಿಸಿದ. ರಂಗಪ್ಪ ಬಣ್ಣದ ದೀಪಗಳನ್ನು ನೋಡಿ, “ಅರಸೀಕೆರೆ ಸ್ಟೇಷನ್ನು ಇಲ್ಲಿಗೇ ಬಂತಲ್ಲ ಯಜಮಾನ್ರೇ. ಕೆಂಪು ಬಿದ್ರೆ ನಿಲ್ತೀನಿ, ಹಸ್ರು ಬಿದ್ರೆ ಹೊಂಡ್ತೀನಿ” ಎಂದ. ಅಣ್ಣ ಗಾದಿಯಲ್ಲಿ ಕೂತು ಹಳದಿ ಒತ್ತಿದ.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದ. ಕೆಂಪು ಒತ್ತಿದ. ರಂಗಪ್ಪ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದ. ಸುಪ್ರಭಾ ಓಡಿ ಹೋಗಿ ಬ್ಯಾಟರಿ ನೋಡಿದಳು, ತಂತಿ ನೋಡಿದಳು, ಮೊಬೈಲಿನ ಕ್ಯಾಮೆರಾ ಹಿಡಿದಳು. ಗಾದಿಯ ದೀಪ ನೇರಳೆಯಾಗಿ ಮಿನುಗುತ್ತಿತ್ತು. ಕಳಿಸುವವನು ಕಳಿಸುತ್ತಿದ್ದಾನೆ, ಓದುವವನು ಓದುತ್ತಿಲ್ಲ. “ನಿನ್ನೆ ರಾತ್ರಿ ಸರೀಗಿತ್ತು ವಿಮಲತ್ತೆ, ನೀವೇ ನೋಡಿದ್ರಲ್ಲ” ಎಂದಳು. ಅವಳ ಕಣ್ಣು ತುಂಬಿತ್ತು. ಕೂಲಿಯವರು ಇಬ್ಬರು ಮುಖ ಮುಖ ನೋಡಿಕೊಂಡರು.

ಅಣ್ಣ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎದ್ದ. ‘ಒಂದೇ ಸಲ’ ಎಂದು ಬರೆದಿದ್ದು ನನಗೆ ನೆನಪಿತ್ತು. ಅವನು ಬೀದಿಯ ಕಡೆಗೆ ಹೊರಟರೆ ಇನ್ನೆಂದೂ ಬರುವುದಿಲ್ಲ. ಆದರೆ ಅವನು ಬೀದಿಯ ಕಡೆಗೆ ಹೋಗದೆ ಅಂಗಳ ದಾಟಿ ಗೋದಾಮಿನ ಕಡೆ ಬಂದ. ಬಹುಶಃ ಕೊನೆಯದಾಗಿ ಒಮ್ಮೆ ಒಳಗೆ ನೋಡಿ ಹೋಗಬೇಕೆಂದಿದ್ದನೋ ಏನೋ. ಬಾಗಿಲ ಪಕ್ಕಕ್ಕೆ ಬಂದು ಬಿಸಿಲಿಗೆ ಅಡ್ಡವಾಗಿ ನಿಂತ. ಗಾದಿಯ ಬಳಿಗೆ ಮರಳಿದ್ದ ಸುಪ್ರಭಾ ಸುಮ್ಮನೆ ಗುಂಡಿ ಒತ್ತುತ್ತಲೇ ಇದ್ದಳು.

ಪೀಂ ಎಂದಿತು. ಹಳದಿ ಹತ್ತಿತು.

ಅಣ್ಣ ಬೆಚ್ಚಿ ಹಿಂದೆ ಸರಿದ. ಅವಳು ಮತ್ತೆ ಒತ್ತಿದಳು, ಇಲ್ಲ. ಅವನು ಮುಂದೆ ಬಂದ. ಅವನ ನೆರಳು ಪೆಟ್ಟಿಗೆಯ ಮೇಲೆ ಬಿತ್ತು. ಅವಳು ಒತ್ತಿದಳು, ಹತ್ತಿತು. ಅವನು ತನ್ನ ನೆರಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ತಲೆಯೆತ್ತಿ ಸೂರ್ಯನನ್ನು ನೋಡಿದ. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, ಅಷ್ಟೂ ಹೊಳೆಯಲಿಲ್ಲವೇ ಎನ್ನುವಂತೆ ಅಂಗೈಯಿಂದ ತನ್ನ ಹಣೆಗೆ ಒಮ್ಮೆ ಬಡಿದುಕೊಂಡ.

ಸುಪ್ರಭಾ ಗಾದಿಯ ಅಂಚಿನಲ್ಲಿ ಕುಸಿದು ಕೂತು ನಗತೊಡಗಿದಳು. “ಬಿಸಿಲಲ್ಲೂ ಅದೇ ಅವಕೆಂಪು ಬೆಳಕು ರಾಶಿ ಇರುತ್ತೆ ವಿಮಲತ್ತೆ. ಅದರ ಕಣ್ಣು ಕೋರೈಸಿಹೋಗುತ್ತೆ. ಪ್ರತಿ ವರ್ಷ ನಾನೇ ಪಾಠ ಮಾಡ್ತೀನಿ ಇದನ್ನ. ನಾವು ಒಂದ್ ದಿನಾನಾದ್ರೂ ಇದನ್ನ ಹಗಲು ಹೊತ್ತು ಮಾಡಿ ನೋಡಿದ್ವಾ?”

ನೋಡಿರಲಿಲ್ಲ. ಸೂರ್ಯ ಇರುವಾಗ ನಮ್ಮ ಮನೆಯಲ್ಲಿ ಊಟ, ಸೂರ್ಯ ಹೋದ ಮೇಲೆ ಬೋರ್ಡು. ಅಷ್ಟು ಸಂಜೆಗಳಲ್ಲಿ ಆ ಪೆಟ್ಟಿಗೆ ಬಿಸಿಲಿನ ಮುಖವನ್ನೇ ಕಂಡಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಊಟ ಮಾಡುವ ಯಾವ ಮನೆಯಲ್ಲಾದರೂ ಈ ತೊಂದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅತ್ತಿಗೆಗೆ ಇದನ್ನು ಹೇಳಿದಾಗ ಅವರು, “ಹಾಗಂತ ಊಟ ಹಿಂದೆ ಮುಂದೆ ಮಾಡಕ್ಕಾಗುತ್ತಾ?” ಎಂದರು. ಅದೂ ಸರಿ.

ಅಣ್ಣ ಅಷ್ಟರಲ್ಲಿ ಅಂಗಳದ ಮೂಲೆಗೆ ಹೋಗಿದ್ದ. ಅಲ್ಲಿ ಸೌದೆಗೆಂದು ಕರಟಗಳನ್ನು ಗುಡ್ಡೆ ಹಾಕಿದ್ದರು. ಬಗ್ಗಿ, ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿ, ಆಳವಾದ ಒಂದು ಅರ್ಧ ಕರಟವನ್ನು ಆರಿಸಿ ತಂದ. ಪೆಟ್ಟಿಗೆಯ ಕಣ್ಣಿನ ಮೇಲೆ ಅದನ್ನು ಟೋಪಿಯ ಹಾಗೆ ಹಿಡಿದ. ಗಾದಿಯ ಕಡೆಗೆ ತೆರೆದಿರಬೇಕು, ಬಿಸಿಲಿನ ಕಡೆಗೆ ಮುಚ್ಚಿರಬೇಕು. ಇನ್ನೊಂದು ಕೈಯಿಂದ ಸುಪ್ರಭಾಳಿಗೆ ಸನ್ನೆ ಮಾಡಿದ. ಅವಳು ಒತ್ತಿದಳು. ಹಳದಿ ಹತ್ತಿತು. ಗಾದಿಯಲ್ಲಿ ನೀಲಿ ಹತ್ತಿತು.

ಕರಟದ ಒಳಗೆ ದೀಪದ ಮಸಿ ಬಳಿದು, ಅಂಚು ಉಜ್ಜಿ, ಅದನ್ನೇ ಮೊಳೆ ಹೊಡೆದು ನಿಲ್ಲಿಸಿದರು. ಗಾದಿಯ ಪೆಟ್ಟಿಗೆಗೂ ಅಂಥದೇ ಒಂದು. ಅಣ್ಣ ಮರುದಿನ ಮಂಡಿಗೆ ಬಂದ, ಅದರ ಮರುದಿನವೂ ಬಂದ. ಯಾರೂ ಕರೆಯಬೇಕಾಗಲಿಲ್ಲ. ಗಂಜಿಯ ಬಟ್ಟಲು ಬರಿದಾಗತೊಡಗಿತು. ನಾನು ವೇಳಾಪಟ್ಟಿಯಲ್ಲಿ ‘ನಡಿಗೆ’ ಎಂದಿದ್ದುದನ್ನು ಹೊಡೆದು ‘ಮಂಡಿ’ ಎಂದು ಬರೆದೆ.

ಹಾರನಹಳ್ಳಿಯ ರೈತರೊಬ್ಬರ ಮೂಟೆ ತೂಗುವಾಗ ಒಮ್ಮೆ ಕೆಂಪು ಬಿತ್ತು. ತಕ್ಕಡಿ ನಿಂತಿತು. ಬಿಳಿ ಬಿತ್ತು. ಮೂಟೆ ಬಿಚ್ಚಿದರು. ಮೇಲೆಲ್ಲ ಒಣಗಿದ್ದು, ಅಡಿಯಲ್ಲಿ ಹಸಿ. ರೈತರು ತಲೆ ಕೆರೆದುಕೊಂಡು, “ಮೊದ್ಲಾದ್ರೆ ಯಜಮಾನ್ರು ಬೈತಿದ್ರು. ಬೈಸ್ಕೊಂಡು ಅತ್ಲಾಗೆ ಹೋಗ್ತಿದ್ವಿ. ಈಗ ಬೈಯ್ದೇನೇ ಹಿಡೀತಾರೆ. ಇದು ಅದಕ್ಕಿಂತ ಕಷ್ಟ ಕಣ್ರೀ” ಎಂದರು. ಅಣ್ಣ ಹಸಿಯದನ್ನು ಬೇರೆ ಮಾಡಿಸಿ, ಉಳಿದದ್ದಕ್ಕೆ ಒಳ್ಳೆಯ ದರ ಹಾಕಿಸಿದ.

ನಾನು ಹಳೇಬೀಡಿಗೆ ಹೊರಡುವ ದಿನ ಗೊತ್ತು ಮಾಡಿದೆ. ಆದರೆ ಮಂಡಿಯಲ್ಲಿ ಏನೋ ಸರಿಯಿಲ್ಲ ಎನಿಸುತ್ತಿತ್ತು. ಕೆಲಸವೆಲ್ಲ ನಡೆಯುತ್ತಿದೆ, ಅಣ್ಣ ಮಾತ್ರ ಮಧ್ಯಾಹ್ನದ ಹೊತ್ತಿಗೆ ಮಂಕಾಗುತ್ತಾನೆ. ಕತ್ತು ನೋಡಿದೆ, ಉಸಿರು ನೋಡಿದೆ, ಎಲ್ಲವೂ ಸರಿಯಾಗಿದೆ. ಒಂದು ದಿನ ಬೆಳಗಿನಿಂದ ಅಲ್ಲೇ ಕೂತು ಗಮನಿಸಿದೆ.

ಮಂಡಿ ಮೌನವಾಗಿತ್ತು.

ಅಣ್ಣ ಹಳದಿ ಒತ್ತಿದರೆ ರಂಗಪ್ಪ ಸದ್ದಿಲ್ಲದೆ ಬಂದು ಮುಂದೆ ನಿಲ್ಲುತ್ತಿದ್ದ. ಅಣ್ಣ ಕೈ ತೋರಿಸುತ್ತಿದ್ದ, ಅವನೂ ಕೈಯಲ್ಲೇ ಉತ್ತರ ಹೇಳಿ ಹೋಗುತ್ತಿದ್ದ. ಕೂಲಿಯವರು ಗೋದಾಮಿನೊಳಗೆ ಪಿಸುಗುಟ್ಟುತ್ತಿದ್ದರು. ಬಂದ ರೈತರು ಕೂಡ ದರ ಕೇಳಲು ಬೆರಳು ಮಡಚಿ ತೋರಿಸುತ್ತಿದ್ದರು. ಒಬ್ಬರಂತೂ ಅಣ್ಣನ ಮುಖದ ಹತ್ತಿರ ಬಂದು, ತುಟಿ ಮಾತ್ರ ದೊಡ್ಡದಾಗಿ ಅಲ್ಲಾಡಿಸಿ, “ಊ-ಟ ಆ-ಯ್ತಾ?” ಎಂದರು.

“ಅವನಿಗೆ ಕಿವಿ ಚೆನ್ನಾಗಿ ಕೇಳುತ್ತೆ ಕಣ್ರೀ” ಎಂದೆ.

ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಮಾತಿಲ್ಲದವನ ಎದುರು ಮಾತಾಡುವುದು ಅವನಿಗೆ ನೋವು ಮಾಡಿದಂತೆ ಎಂದು ಅವರೆಲ್ಲ ತಿಳಿದಿದ್ದರು. ಅಷ್ಟು ಮರ್ಯಾದೆ ಅವರಿಗೆ ಅವನ ಮೇಲೆ. ಆ ಮರ್ಯಾದೆಯಲ್ಲೇ ಅವನು ಒಂಟಿಯಾಗುತ್ತಿದ್ದ.

ಅಣ್ಣನ ತಾಳ್ಮೆಯೂ ಅಂದೇ ಮೀರಿರಬೇಕು. ಹಳದಿ ಒತ್ತಿದ. ನೀಲಿ ಹತ್ತಿತು. ರಂಗಪ್ಪ ಹೆಗಲ ಮೇಲಿನ ಟವೆಲು ತೆಗೆದು, ಸುಮ್ಮನೆ ಬಂದು ನಿಂತ. ಅಣ್ಣ ಗಾದಿಯಿಂದ ಇಳಿದು ಅವನ ಎದುರು ಬಂದ. ಎರಡು ಬೆರಳಿನಿಂದ ತನ್ನ ಕತ್ತಿನ ಬಟ್ಟೆಯನ್ನು ಮುಟ್ಟಿ, ಕೈ ಅಲ್ಲಾಡಿಸಿದ. ಇಲ್ಲ. ಅದೇ ಎರಡು ಬೆರಳನ್ನು ರಂಗಪ್ಪನ ಗಂಟಲಿನ ಮೇಲಿಟ್ಟ. ಹಗುರವಾಗಿ ಒತ್ತಿದ. ಇದೆಯಲ್ಲ. ಆಮೇಲೆ ಅಂಗೈಯನ್ನು ತನ್ನ ಕಿವಿಯ ಹಿಂದೆ ಹಿಡಿದು ಅವನನ್ನೇ ನೋಡುತ್ತಾ ನಿಂತ.

ರಂಗಪ್ಪನ ಗಂಟಲು ಆ ಬೆರಳಿದ್ದ ಜಾಗದಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿತು.

“ನಾವು... ನಿಮ್ಗೆ ಬ್ಯಾಸ್ರ ಆಯ್ತದೆ ಅಂತ ಯಜಮಾನ್ರೇ” ಎಂದ.

ಅಣ್ಣ ಜೋರಾಗಿ ತಲೆಯಾಡಿಸಿದ, ಬೇಸರ ಆಗುವುದಿಲ್ಲ ಎಂದು. ಅವನ ಭುಜ ಹಿಡಿದು ತಿರುಗಿಸಿ ಗೋದಾಮಿನ ಕಡೆಗೆ ನೂಕಿದ. ನನ್ನ ಹತ್ತಿರ ಬಂದು ಕೈ ಚಾಚಿದ, ಬೆರಳಿನಲ್ಲಿ ಅಂಟಿಸುವ ಸನ್ನೆ ಮಾಡಿದ. ಚೀಲದಿಂದ ಬ್ಯಾಂಡೇಜಿನ ಪ್ಲಾಸ್ಟರು ತೆಗೆದುಕೊಟ್ಟೆ. ಅದರ ಒಂದು ತುಂಡು ಹರಿದು, ಗಾದಿಯ ಪೆಟ್ಟಿಗೆಯಲ್ಲಿ ‘ಮುಟ್ಟಿತು’ ಎನ್ನುವ ನೀಲಿ ದೀಪದ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಅಷ್ಟು ಸಂಜೆಗಳು ಕೂತು ಕೂಡಿಸಿದ ದೀಪ ಅದು. ಸಂಜೆ ಸುಪ್ರಭಾಳಿಗೆ ಹೇಳಿದಾಗ ಅವಳು “ಒಳ್ಳೇದಾಯ್ತು ಬಿಡಿ” ಎಂದ ರೀತಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಅಣ್ಣ ಗಾದಿಗೆ ಹೋಗಿ ಕೂತ. ಪಂಚೆ ಸರಿಮಾಡಿಕೊಂಡ. ಹಳದಿ ಒತ್ತಿದ.

ಗೋದಾಮಿನೊಳಗಿನಿಂದ, ಮೂಟೆಗಳ ಹಿಂದಿನಿಂದ, ಅಂಗಳ ದಾಟಿ, ಬೀದಿಗೂ ಕೇಳುವ ಹಾಗೆ ರಂಗಪ್ಪನ ದನಿ ಬಂತು:

“ಬಂದೇ ಯಜಮಾನ್ರೇ...”

ಮೊದಲೆಲ್ಲ ಮಂಡಿಯಲ್ಲಿ ಅಣ್ಣ ಕೂಗಿದಾಗಲೆಲ್ಲ ಹೀಗೇ ಓಗೊಡುತ್ತಿದ್ದರಂತೆ. ತನ್ನ ದನಿ ಹೋದ ದುಃಖವನ್ನು ಅವನು ಹೇಗೋ ನುಂಗಿಕೊಂಡಿದ್ದ. ಓಗೊಡುವವರಿಲ್ಲದೆ ಇರುವುದು ಅವನಿಗೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ರೋಗಿಗಳ ನಡುವೆ ಇದ್ದು ನನಗೆ ತಿಳಿಯದೆ ಉಳಿದಿದ್ದ ಈ ಮಾತನ್ನು ಆ ಚಳಿಗಾಲ ಕಲಿಸಿತು. ಆ ಎರಡು ಬೋರ್ಡುಗಳಿಗೆ, ಆ ಕರಟಕ್ಕೆ, ನಮ್ಮ ಸೊಸೆಗೆ ನಾನು ಋಣಿ. ದಿನವೂ ಸಂಜೆಯ ಊಟ ಮುಗಿಸಿ, ಬಾಗಿಲಲ್ಲಿ ನಿಂತು ಸೂರ್ಯ ಇಳಿಯುವುದನ್ನು ನೋಡುವಾಗ ಅವರನ್ನು ನೆನೆಯುತ್ತೇನೆ. ಅಣ್ಣ ಈಗಲೂ ಅರ್ಧ ದಿನ ಮಂಡಿಯಲ್ಲಿ ಕೂರುತ್ತಾನೆ.

ಆ ದಿನ ರಂಗಪ್ಪ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ಗಾದಿಯ ಮುಂದೆ ಬಂದು, “ಏನ್ ಯಜಮಾನ್ರೇ?” ಎಂದ. ಅಣ್ಣನಿಗೆ ಹೇಳುವುದೇನೂ ಇರಲಿಲ್ಲ. ಸುತ್ತ ನೋಡಿ, ಬಾಗಿಲ ಬಳಿ ಇದ್ದ ಒಂದು ಮೂಟೆಯ ಕಡೆ ಕೈ ತೋರಿಸಿದ. ಮೂಟೆ ಇರಬೇಕಾದ ಜಾಗದಲ್ಲೇ ಇತ್ತು. ರಂಗಪ್ಪ ಮೂಟೆಯನ್ನು ನೋಡಿದ, ಅಣ್ಣನನ್ನು ನೋಡಿದ. ಆಮೇಲೆ ಬಗ್ಗಿ ಅದನ್ನು ಒಂದು ಮೊಳ ಆಚೆಗೆ ಸರಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ಗಟ್ಟಿಯಾಗಿ ಕೇಳಿದ:

“ಈಗ ಸರಿಹೋಯ್ತಾ ಯಜಮಾನ್ರೇ?”

ಅಣ್ಣ ಸರಿಹೋಯಿತೆಂದು ತಲೆಯಾಡಿಸಿದ.